ಮುಖ ನೋಡುವ ನಾಯಿ ದಡ್ಡ ಅಲ್ಲ

ತಿಂಡಿ ಅಡಗಿಸಿಟ್ಟ ಪಜಲ್ ಆಟಿಕೆಯನ್ನು ಪಕ್ಕದ ಮನೆಯ ನಾಟಿ ನಾಯಿ ತಟ್ಟನೆ ತೆರೆಯಿತಂತೆ. ತಮ್ಮ ಲ್ಯಾಬ್ರಡಾರ್ ಮಾತ್ರ ಒಮ್ಮೆ ಮೂಸಿ, ಮನೆಯವರ ಮುಖ ನೋಡುತ್ತಾ ಕೂತಿತಂತೆ. ಅದಕ್ಕೆ ಬುದ್ಧಿ ಕಡಿಮೆಯೇ ಎಂಬುದು ಓದುಗರೊಬ್ಬರ ಆತಂಕ.

ಹಾಗೆ ತೀರ್ಮಾನಿಸಬೇಕಿಲ್ಲ.

ಹಂಗೇರಿಯ ಆಡಮ್ ಮಿಕ್ಲೋಶಿ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಕೆದಕಿತ್ತು. ಮನುಷ್ಯರ ಒಡನಾಟದಲ್ಲಿ ಬೆಳೆದ ತೋಳಗಳಿಗೂ ನಾಯಿಗಳಿಗೂ ಆಹಾರ ತೆಗೆಯುವ ಸುಲಭ ಉಪಾಯ ಕಲಿಸಿ, ಆಮೇಲೆ ಅದು ಫಲಿಸದಂತೆ ಮಾಡಿದರು. ನಾಯಿಗಳು ಬೇಗನೆ ತಿರುಗಿ ಮನುಷ್ಯರತ್ತ ನೋಡಿದವು. ತೋಳಗಳು ಹಾಗೆ ನೋಡಿದ್ದು ಕಡಿಮೆ. 2015ರಲ್ಲಿ ಅಮೆರಿಕದ ಮೋನಿಕ್ ಯೂಡೆಲ್ ತೆರೆಯಬಹುದಾದ ಡಬ್ಬಿಯನ್ನೇ ಕೊಟ್ಟಾಗ 10 ತೋಳಗಳಲ್ಲಿ 8 ಗೆದ್ದವು, ನಾಯಿಗಳು ಬಹುತೇಕ ಸೋತವು. ಇದನ್ನು ದಡ್ಡತನ ಎನ್ನುವುದಕ್ಕಿಂತ ಅವಲಂಬನೆ ಎನ್ನುವುದೇ ಸರಿ. ನೆರವು ಕೇಳುವುದೂ ಒಂದು ಉಪಾಯವೇ ತಾನೇ!

ಪರೀಕ್ಷೆಯೂ ನ್ಯಾಯವಾಗಿರಬೇಕು. ಹೊಟ್ಟೆ ತುಂಬಿದ ನಾಯಿಗೆ ಪಜಲ್ ಯಾಕೆ ಬೇಕು? ಊಟಕ್ಕೆ ಮುಂಚೆ, ಮುಚ್ಚಳ ಅರೆ ತೆರೆದೇ ಕೊಡಲಿ. ಕಲಿತಂತೆ ಕಷ್ಟ ಹೆಚ್ಚಿಸಲಿ. ಯಜಮಾನರು ಮಾತಾಡದೆ ದೂರ ನಿಲ್ಲಲಿ. ಆಟಿಕೆಯನ್ನು ಅಗಿದು ಪುಡಿ ಮಾಡುವುದೂ ನಾಯಿಯ ಲೆಕ್ಕದಲ್ಲಿ ಪರಿಹಾರವೇ, ಆದರೆ ಚೂರು ನುಂಗದಂತೆ ಎಚ್ಚರ ಬೇಕು.

ತಿಂಡಿಯಷ್ಟನ್ನು ದಿನದ ಊಟದಲ್ಲಿ ಕಳೆಯಬೇಕು. ಲ್ಯಾಬ್ರಡಾರ್‌ಗಳಿಗೆ ಬೊಜ್ಜು ಬೇಗ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ ಬೇಡವೇ ಬೇಡ. ಪೀನಟ್ ಬಟರ್ ಹಚ್ಚುವುದಾದರೆ ಅದರಲ್ಲಿ ಝೈಲಿಟಾಲ್ ಎಂಬ ಸಿಹಿಕಾರಕ ಇಲ್ಲವೆಂದು ಲೇಬಲ್ ಓದಿ ಖಚಿತಪಡಿಸಿಕೊಳ್ಳಿ. ನಾಯಿಗೆ ಅದು ವಿಷ.