ಹೊಸ ಮಾನಿಟರ್‌ನಲ್ಲಿ ಹಳೆಯ ಚಿತ್ರ

ಮಂಡ್ಯ, ಮದ್ದೂರು ಸೀಮೆಯ ಸಕ್ಕರೆ ಕಾರ್ಖಾನೆಗಳಂಥ ಕಡೆ ಕಂಟ್ರೋಲ್ ರೂಮಿನ ಪರದೆಯೇ ಆಪರೇಟರ್‌ಗೆ ಕಣ್ಣು. ಆ ಪರದೆಗೆಂದು ಹಿಂದೆ ರಚಿಸಿದ 1024×768 ಅಳತೆಯ 4:3 ಚಿತ್ರವನ್ನು 1920×1080ರ ಅಗಲ ಮಾನಿಟರ್ ತುಂಬುವಂತೆ ಎಳೆದರೆ ದುಂಡನೆಯ ಪ್ರೆಶರ್ ಗೇಜ್ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಎತ್ತರಕ್ಕಿಂತ ಅಗಲ ಮೂರನೇ ಒಂದು ಪಾಲು ಹೆಚ್ಚುತ್ತದೆ, ಮುಳ್ಳಿನ ಓರೆಯೂ ಬದಲಾಗುತ್ತದೆ.

ಅನುಪಾತ ಕೆಡದಂತೆ ಹಿಗ್ಗಿಸಿದರೆ ಚಿತ್ರ 1440×1080 ಆಗಿ, 480 ಪಿಕ್ಸೆಲ್ ಅಗಲ ಉಳಿಯುತ್ತದೆ. ಆ ಜಾಗ ಅಲಾರಂ ಪಟ್ಟಿಗೆ ಒಪ್ಪುತ್ತದೆ. ಬಟನ್‌ಗಳ ಕ್ರಮ ಮಾತ್ರ ಬದಲಾಗಕೂಡದು; ತುರ್ತಿನಲ್ಲಿ ಕೈ ಹೋಗುವುದು ರೂಢಿಯ ಜಾಗಕ್ಕೇ. 4ಕೆ ಪರದೆಯಲ್ಲಿ ಅಕ್ಷರ ಕಿರಿದಾಗಬಹುದಾದ್ದರಿಂದ ಆಪರೇಟರ್ ಕೂರುವ ಕುರ್ಚಿಯಿಂದಲೇ ಓದಿ ನೋಡಬೇಕು.

ಬದಲಾವಣೆಗೆ ತಕ್ಕ ಕಾಲ ಕಬ್ಬು ಅರೆಯುವುದು ನಿಂತ ದಿನಗಳು. ಹಳೆಯ ಫೈಲಿನ ಬ್ಯಾಕಪ್ ತೆಗೆದಿಟ್ಟು, ಮೊದಲು ಒಂದೇ ಸ್ಟೇಷನ್‌ನಲ್ಲಿ ಪರೀಕ್ಷಿಸಿ, ಆಮೇಲೆ ಉಳಿದವಕ್ಕೆ ಅಳವಡಿಸುವುದು ಕ್ಷೇಮ.