ರೀಪೇಂಟ್: ಚಿತ್ರ ಮರುರಚನೆಗೆ ಕೋರಿಕೆ

ಜಾವಾ ಸ್ವಿಂಗ್‌ನಲ್ಲಿ (ಜೆಡಿಕೆ 1.2, 1998) ಪರದೆಯ ಚಿತ್ರ ಬದಲಿಸಲು ಪ್ರೋಗ್ರಾಮರ್ 'ರೀಪೇಂಟ್' ಮೆಥಡ್ ಕರೆಯುತ್ತಾನೆ. ಅದು ಆಜ್ಞೆಯಲ್ಲ, ಕೋರಿಕೆ ಮಾತ್ರ. ಬೆನ್ನುಬೆನ್ನಿಗೆ ಬಂದ ಕೋರಿಕೆಗಳನ್ನು 'ರೀಪೇಂಟ್ ಮ್ಯಾನೇಜರ್' ಒಂದುಗೂಡಿಸುತ್ತದೆ. ಹಾಗಾಗಿ ಹತ್ತು ಸಲ ಕರೆದರೆ ಹತ್ತು ಸಲ ಬರೆಯುತ್ತದೆ ಎಂಬ ಆಯ್ಕೆ ಪರೀಕ್ಷೆಯಲ್ಲಿ ಬಂದರೆ ಅದು ತಪ್ಪು. ಚಿತ್ರ ಬರೆಯುವ ಕೆಲಸ ನಿಜವಾಗಿ ನಡೆಯುವುದು 'ಪೇಂಟ್‌ಕಾಂಪೊನೆಂಟ್' ಮೆಥಡ್‌ನಲ್ಲಿ, ಈವೆಂಟ್ ಡಿಸ್‌ಪ್ಯಾಚ್ ಥ್ರೆಡ್‌ನ ಮೇಲೆ. ಆ ಥ್ರೆಡ್ ಬೇರೆ ದೀರ್ಘ ಕೆಲಸದಲ್ಲಿ ಸಿಲುಕಿದ್ದರೆ ಹಳೆಯ ಚಿತ್ರವೇ ಉಳಿಯುತ್ತದೆ. ಅಭ್ಯರ್ಥಿಗಳು ಎಡವುವುದು ಬಹುತೇಕ ಇಲ್ಲೇ.

ಜಾವಾದ 'ಟೂಲ್‌ಕಿಟ್' ಕ್ಲಾಸ್ ಮೂಲಕ ತರಿಸಿದ ಚಿತ್ರ ಹಿನ್ನೆಲೆಯಲ್ಲಿ ನಿಧಾನವಾಗಿ ಲೋಡ್ ಆಗುತ್ತದೆ. ಹೊಸ ಭಾಗ ಬಂದಾಗ 'ಇಮೇಜ್ ಅಬ್ಸರ್ವರ್' ಇಂಟರ್‌ಫೇಸ್‌ನ 'ಇಮೇಜ್‌ಅಪ್‌ಡೇಟ್' ಮೆಥಡ್‌ಗೆ ಸುದ್ದಿ ಮುಟ್ಟುತ್ತದೆ, ಅದು ರೀಪೇಂಟ್ ಕೇಳುತ್ತದೆ. 'ಡ್ರಾಇಮೇಜ್' ಕರೆಯ ಕೊನೆಯಲ್ಲಿ 'ದಿಸ್' ಬರೆಯುವುದು ಇದಕ್ಕಾಗಿಯೇ. ಅಲ್ಲಿ 'ನಲ್' ಕೊಟ್ಟರೆ ಸುದ್ದಿ ಬಾರದು.

ವಿಂಡೋಸ್‌ನಲ್ಲಿ ಹೀಗೆ ಮರುರಚನೆ ಕೋರುವ ಕೆಲಸ 'ಇನ್‌ವ್ಯಾಲಿಡೇಟ್‌ರೆಕ್ಟ್' ಫಂಕ್ಷನ್‌ನದು.

ಗಮನಿಸಿ: ಕ್ಯೂಟಿ ಲೈಬ್ರರಿಯ ವಿಜೆಟ್‌ಗಳಲ್ಲಿ ಹೆಸರು ತಿರುಗುಮುರುಗು. ಅಲ್ಲಿ 'ಅಪ್‌ಡೇಟ್' ಕೋರಿಕೆಯನ್ನು ಸರದಿಗೆ ಸೇರಿಸುತ್ತದೆ, 'ರೀಪೇಂಟ್' ತಕ್ಷಣವೇ ಬರೆಯಿಸುತ್ತದೆ.