ಈಜಿಪ್ಟಿನ ಭಿನ್ನರಾಶಿಗಳು: ಸಮಪಾಲಿನ ಪಾಠ

ಉದ್ದೇಶ: ಭಿನ್ನರಾಶಿಯು ಮೇಲೊಂದು ಕೆಳಗೊಂದು ಬರೆದ ಎರಡು ಸಂಖ್ಯೆಗಳಲ್ಲ, ಒಂದೇ ಪರಿಮಾಣ ಎಂಬುದನ್ನು ವಿದ್ಯಾರ್ಥಿಗಳು ಗ್ರಹಿಸುವುದು.

ಪೀಠಿಕೆ: 1/2 + 1/3 = 2/5 ಎಂದು ಬರೆಯುವ ಮಕ್ಕಳನ್ನು ನಾವೆಲ್ಲರೂ ಕಂಡಿದ್ದೇವೆ. ಅರ್ಧಕ್ಕೆ ಏನನ್ನೋ ಕೂಡಿಸಿದರೆ ಬಂದ ಮೊತ್ತವು ಅರ್ಧಕ್ಕಿಂತ ಕಡಿಮೆಯಾಗದೆಂಬುದು ಅವರಿಗೆ ಹೊಳೆಯುವುದಿಲ್ಲ. ಲ.ಸಾ.ಅ. ನಿಯಮವನ್ನು ಪುನಃ ಬಾಯಿಪಾಠ ಮಾಡಿಸುವುದರಿಂದ ಈ ದೋಷವು ನೀಗದು.

ಪರಿಕಲ್ಪನೆ: ಅಂಶವು 1 ಆಗಿರುವ, ಛೇದಗಳು ಬೇರೆಬೇರೆಯಾಗಿರುವ ಭಿನ್ನರಾಶಿಗಳ ಮೊತ್ತವನ್ನು ಈಜಿಪ್ಟಿನ ಭಿನ್ನರಾಶಿ ಎನ್ನುತ್ತಾರೆ. ಉದಾಹರಣೆಗೆ, 3/4 = 1/2 + 1/4. ಕ್ರಿ.ಪೂ. ಸುಮಾರು 1550ರಲ್ಲಿ ಅಹ್ಮೆಸ್ ಎಂಬ ಲಿಪಿಕಾರನು ಪ್ರತಿ ಮಾಡಿದ ರಿಂಡ್ ಪಪೈರಸ್ಸಿನಲ್ಲಿ, 2ನ್ನು 3ರಿಂದ 101ರವರೆಗಿನ ಬೆಸಸಂಖ್ಯೆಗಳಿಂದ ಭಾಗಿಸಿ ಹೀಗೆ ಬಿಡಿಸಿದ ಕೋಷ್ಟಕವಿದೆ. ಪ್ರತ್ಯೇಕ ಚಿಹ್ನೆಯಿದ್ದ 2/3 ಅವರ ಪದ್ಧತಿಗೆ ಅಪವಾದ. ರೊಟ್ಟಿಗಳನ್ನು ಹತ್ತು ಜನರಿಗೆ ಹಂಚುವ ಲೆಕ್ಕಗಳೂ ಅದರಲ್ಲಿವೆ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಇಂತಹ ವಿಭಜನೆಗೆ ಸೂತ್ರಗಳನ್ನು ಕೊಟ್ಟಿದ್ದಾರೆ.

ಚಟುವಟಿಕೆ: ರೊಟ್ಟಿಯಾಕಾರದ ಐದು ಕಾಗದಗಳನ್ನು ಆರು ಮಕ್ಕಳಿಗೆ ಸಮನಾಗಿ ಹಂಚಲು ಹೇಳಿರಿ. ಪ್ರತಿಯೊಂದನ್ನೂ ಆರು ಭಾಗ ಮಾಡಿದರೆ 30 ತುಂಡುಗಳಾಗುತ್ತವೆ. ಬದಲಾಗಿ, ಮೂರನ್ನು ಅರ್ಧರ್ಧವಾಗಿಯೂ ಉಳಿದ ಎರಡನ್ನು ಮೂರು ಮೂರು ಭಾಗವಾಗಿಯೂ ಕತ್ತರಿಸಿದರೆ 12 ತುಂಡುಗಳೇ ಸಾಕು. ಪ್ರತಿ ಮಗುವಿಗೂ ಒಂದು ಅರ್ಧ, ಒಂದು ಮೂರನೆಯ ಪಾಲು. ಐದು ರೊಟ್ಟಿಗಳನ್ನು ಆರು ಮಂದಿಗೆ ಹಂಚಿದ್ದರಿಂದ ಒಬ್ಬರ ಪಾಲು 5/6. ಆದುದರಿಂದ 1/2 + 1/3 = 5/6. 2/5 ಎಂದು ಬರೆದ ಮಗುವು ತನ್ನ ತಪ್ಪನ್ನು ತಾನೇ ಕಾಣುತ್ತದೆ; ನಾವು ಹೇಳಬೇಕಾಗಿಲ್ಲ.

ವಿಸ್ತರಣೆ: 3/4, 4/5 ಇವುಗಳಲ್ಲಿ ಯಾವುದು ದೊಡ್ಡದು? 4/5ರಲ್ಲಿ ಅಡಗುವ ಅತಿ ದೊಡ್ಡ ಏಕಾಂಶ ಭಿನ್ನರಾಶಿ 1/2, ಉಳಿಯುವುದು 3/10. ಅದರಲ್ಲಿ 1/4 ಕಳೆದರೆ 1/20. ಹೀಗೆ 4/5 = 1/2 + 1/4 + 1/20. ಮುಕ್ಕಾಲಿಗಿಂತ ಇಪ್ಪತ್ತನೆಯ ಒಂದು ಪಾಲು ಹೆಚ್ಚು.

ಗಮನಿಸಿ: ವಿಭಜನೆಯು ಒಂದೇ ಬಗೆಯಲ್ಲಿರಬೇಕೆಂದಿಲ್ಲ. 3/4 = 1/2 + 1/6 + 1/12 ಎಂಬುದೂ ಸರಿಯೇ. ಭಿನ್ನವಾದ ಉತ್ತರವನ್ನು ಕೂಡಿಸಿ ನೋಡದೆ ತಪ್ಪೆಂದು ಗುರುತು ಹಾಕದಿರಿ.

ಮೌಲ್ಯಮಾಪನ: ಐದು ರೊಟ್ಟಿಗಳನ್ನು ಎಂಟು ಮಂದಿಗೆ ಹಂಚಿಸಿರಿ. ಉತ್ತರವನ್ನು ‘ಅರ್ಧ, ಅರೆಕಾಲು’ ಎಂದು ಮನೆಮಾತಿನಲ್ಲಿ ಹೇಳಿದ ಮಗುವಿಗೂ ಪೂರ್ಣ ಅಂಕ ನೀಡಿರಿ.